ಥಾಮೆ: ಶೆರ್ಪಾ ಪರ್ವತಾರೋಹಿಗಳ ಊರಿಗೆ ಹೋಗುವವರಿಗೆ

ಎವರೆಸ್ಟ್ ಬೇಸ್ ಕ್ಯಾಂಪ್‌ಗೆ ಹೊರಟವರಲ್ಲಿ ಹೆಚ್ಚಿನವರು ನಾಮ್ಚೆ ಬಜಾರ್ ದಾಟಿದ ಮೇಲೆ ಸೀದಾ ತೆಂಗ್ಬೋಚೆ ಕಡೆ ನಡೆದುಬಿಡುತ್ತಾರೆ. ನಾಮ್ಚೆಯಿಂದ ಪಶ್ಚಿಮಕ್ಕೆ ಇನ್ನೊಂದು ದಾರಿ ಇದೆ. ಭೋಟೆ ಕೋಸಿ ನದಿಯ ಕಣಿವೆ ಹಿಡಿದು ಅದು ಥಾಮೆಗೆ ಹೋಗುತ್ತದೆ. ತೇನ್‌ಸಿಂಗ್ ನೋರ್ಗೆ (1953ರಲ್ಲಿ ಎಡ್ಮಂಡ್ ಹಿಲರಿ ಜೊತೆ ಮೊದಲ ಸಲ ಎವರೆಸ್ಟ್ ತುದಿ ಮುಟ್ಟಿದವರು) ಹುಡುಗನಾಗಿದ್ದಾಗ ಯಾಕ್ ಮೇಯಿಸಿಕೊಂಡು ಬೆಳೆದ ಊರು ಅದು. 21 ಸಲ ಎವರೆಸ್ಟ್ ಹತ್ತಿದ ಅಪಾ ಶೆರ್ಪಾ ಅಲ್ಲಿಯವರು. 2025ರ ಮೇ ತಿಂಗಳಲ್ಲಿ 31ನೇ ಸಲ ಶಿಖರ ಮುಟ್ಟಿದ ಕಾಮಿ ರೀಟಾ ಶೆರ್ಪಾ ಕೂಡ ಅಲ್ಲಿಯವರೇ. ಶೆರ್ಪಾಗಳ ಬದುಕು ಹೇಗಿರುತ್ತದೆ ಅಂತ ನೋಡುವ ಆಸೆ ಇದ್ದರೆ ಬೇಸ್ ಕ್ಯಾಂಪ್ ಬಿಟ್ಟರೂ ಪರವಾಗಿಲ್ಲ, ಥಾಮೆ ಬಿಡಬೇಡಿ.

ಮೊದಲು ಕಾಗದಪತ್ರ. ನಮಗೆ ನೇಪಾಳಕ್ಕೆ ವೀಸಾ ಬೇಡ. ಆದರೆ ವಿಮಾನದಲ್ಲಿ ಹೋಗುವವರು ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಇಟ್ಟುಕೊಳ್ಳಿ, 15ರಿಂದ 65 ವರ್ಷದೊಳಗಿನವರಿಗೆ ಆಧಾರ್ ನಡೆಯುವುದಿಲ್ಲ. ನಮ್ಮ 100 ರೂಪಾಯಿಗೆ ಅಲ್ಲಿಯ 160 ರೂಪಾಯಿ. ಕಾಠ್ಮಂಡುವಿನಲ್ಲೇ ಸಾಕಷ್ಟು ನೇಪಾಳಿ ನಗದು ಮಾಡಿಕೊಳ್ಳಿ, ಮೇಲೆ ಹೋದಷ್ಟೂ ಕಾರ್ಡ್ ನಂಬುವ ಹಾಗಿಲ್ಲ. ಹಿಂದಿ ಬಂದರೆ ಮಾತಿಗೆ ತೊಂದರೆ ಇಲ್ಲ. ಜನ ಜಾಸ್ತಿ ಇರುವ ಸೀಸನ್ನಿನಲ್ಲಿ, ನಡಿಗೆ ಶುರುವಾಗುವ ಲುಕ್ಲಾಕ್ಕೆ ಹೋಗುವ ವಿಮಾನಗಳು ಸಾಮಾನ್ಯವಾಗಿ ರಾಮೆಛಾಪ್‌ನಿಂದ ಹೊರಡುತ್ತವೆ. ಅದಕ್ಕೆ ಕಾಠ್ಮಂಡುವಿನಿಂದ ನಡುರಾತ್ರಿಯೇ ಗಾಡಿ ಹತ್ತಬೇಕು. ಮೋಡ ಮುಚ್ಚಿದರೆ ವಿಮಾನ ಹಾರುವುದಿಲ್ಲ. ಆದ್ದರಿಂದ ವಾಪಸಿನ ಟಿಕೆಟ್ಟಿಗೆ ಮುಂಚೆ ಎರಡು ಮೂರು ದಿನ ಖಾಲಿ ಬಿಟ್ಟುಕೊಳ್ಳಿ.

ಲುಕ್ಲಾದಿಂದ ನಡಿಗೆ ಶುರುವಾಗುವ ಕಡೆ ಒಂದು ಕಮಾನು ಇದೆ. ಪಸಾಂಗ್ ಲ್ಹಾಮು ಶೆರ್ಪಾ ನೆನಪಿಗೆ ಕಟ್ಟಿದ್ದು. 1993ರ ಏಪ್ರಿಲ್ 22ರಂದು ಎವರೆಸ್ಟ್ ಹತ್ತಿದ ಮೊದಲ ನೇಪಾಳಿ ಮಹಿಳೆ ಆಕೆ. ಇಳಿಯುವಾಗ ತೀರಿಕೊಂಡರು. ಎಲ್ಲರೂ ಫೋಟೋ ತೆಗೆಸಿಕೊಂಡು ಮುಂದೆ ಹೋಗುತ್ತಾರೆ. ಒಂದು ನಿಮಿಷ ನಿಂತು ಆಕೆಯ ಮುಖ ನೋಡಿ ಹೋಗಿ.

ನಾಮ್ಚೆ 3,440 ಮೀಟರ್ ಎತ್ತರದಲ್ಲಿದೆ. ಎತ್ತರಕ್ಕೆ ಮೈ ಒಗ್ಗಲು ಇಲ್ಲಿ ಎರಡು ರಾತ್ರಿ ಇರಲೇಬೇಕು, ಅವಸರ ಬೇಡ. ನಡುವಿನ ದಿನ ಖುಮ್‌ಜುಂಗ್‌ಗೆ ಹೋಗಿ ಬನ್ನಿ. ಹಿಲರಿ 1961ರಲ್ಲಿ ಕಟ್ಟಿಸಿದ ಶಾಲೆ ಇನ್ನೂ ನಡೆಯುತ್ತಿದೆ. ಪಕ್ಕದ ಕುಂದೆಯಲ್ಲಿ 1966ರ ಆಸ್ಪತ್ರೆ ಇದೆ. ಊರಿನ ಮೇಲೆ ನಿಂತಿರುವ ಖುಂಬಿಲಾ ಬೆಟ್ಟ ಅವರಿಗೆ ದೇವರು, ಅದನ್ನು ಯಾರೂ ಹತ್ತುವುದಿಲ್ಲ. ತಲೆನೋವು, ವಾಂತಿ ಬಂದರೆ ಮೇಲೆ ಹೋಗಬೇಡಿ. ಕಡಿಮೆಯಾಗದಿದ್ದರೆ ಕೆಳಗಿಳಿಯಿರಿ. ಮಾತ್ರೆ ಏನಿದ್ದರೂ ನಿಮ್ಮ ಊರಲ್ಲೇ ಡಾಕ್ಟರನ್ನು ಕೇಳಿ ತಂದುಕೊಳ್ಳಿ.

ನಾಮ್ಚೆಯಿಂದ ಥಾಮೆಗೆ ನಿಧಾನವಾಗಿ ನಡೆದರೆ ಅರ್ಧ ದಿನ ಬೇಕು. ಪೈನ್ ಕಾಡು, ಆಮೇಲೆ ಫುರ್ಟೆ, ಥಾಮೊ ಅನ್ನುವ ಊರುಗಳು. ದಾರಿಯಲ್ಲಿ ಮಂತ್ರ ಕೆತ್ತಿದ ಕಲ್ಲುಗೋಡೆಗಳು ಸಿಗುತ್ತವೆ. ಅವು ನಿಮ್ಮ ಬಲಗೈ ಕಡೆಗೆ ಬರುವ ಹಾಗೆ ನಡೆಯಿರಿ, ನಮ್ಮ ಪ್ರದಕ್ಷಿಣೆಯ ಹಾಗೇ. ಊರು ಹತ್ತಿರ ಬಂದಾಗ ನದಿ ಕಿರಿದಾದ ಕಮರಿಯಲ್ಲಿ ಭೋರ್ಗರೆಯುತ್ತದೆ. ಅಲ್ಲಿಯ ಸೇತುವೆ ಹತ್ತಿರ ಬಂಡೆಯ ಮೇಲೆ ಟಿಬೆಟ್ಟಿಗೆ ಬೌದ್ಧಧರ್ಮ ಒಯ್ದ ಗುರು ಪದ್ಮಸಂಭವರ ಚಿತ್ರ ಬಿಡಿಸಿದ್ದಾರೆ. ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ನೋಡಿದವರಿಗೆ ತಕ್ಷಣ ಗುರುತು ಸಿಗುತ್ತದೆ. ಎರಡೂ ಕಡೆ ಟಿಬೆಟಿ ಬೌದ್ಧರ ನ್ಯಿಂಗ್ಮಾ ಪಂಥವೇ. ಪರದೇಶದಲ್ಲಿ ಪರಿಚಯದವರು ಸಿಕ್ಕಷ್ಟು ಖುಷಿಯಾಯಿತು ನನಗೆ.

ಥಾಮೆಯಲ್ಲಿ 2024ರ ಆಗಸ್ಟ್ 16ರಂದು ಮೇಲಿನ ಹಿಮಸರೋವರದ ನೀರು ನುಗ್ಗಿ ಶಾಲೆ, ಆರೋಗ್ಯ ಕೇಂದ್ರ, ಹಲವು ಮನೆಗಳು ಕೊಚ್ಚಿಹೋದವು. ಹಗಲಾದ್ದರಿಂದ ಪ್ರಾಣ ಉಳಿಯಿತು. ಹಾಳಾದ ಜಾಗದಲ್ಲಿ ಸುಮ್ನೆ ಸೆಲ್ಫಿ ತೆಗೆಯಬೇಡಿ. ಊರಲ್ಲಿ ಒಂದು ರಾತ್ರಿ ಉಳಿಯಿರಿ, ಅಲ್ಲೇ ಊಟ ಮಾಡಿ. ನಿಮ್ಮ ದುಡ್ಡು ಅಲ್ಲಿಗೆ ಸೇರಲಿ.

ನಾವು ಉಳಿದ ಲಾಡ್ಜಿನ ಯಜಮಾನರು ಹಳೆಯ ಆರೋಹಿ. ಒಲೆ ಪಕ್ಕದ ಗೋಡೆ ತುಂಬಾ ಪ್ರಮಾಣಪತ್ರಗಳು. ಅವರನ್ನು ದಾಯ್ (ಅಣ್ಣ), ಅವರ ಹೆಂಡತಿಯನ್ನು ದಿದಿ (ಅಕ್ಕ) ಅಂತ ಕರೆದೆವು. ಮೊದಲು ಮಾತಾಡಿದ್ದೆಲ್ಲ ಆಲೂಗಡ್ಡೆ ಬೆಳೆ ಬಗ್ಗೆ. ಶಾಕ್ಪಾ, ಅಂದರೆ ತರಕಾರಿ, ಹಿಟ್ಟಿನ ಚೂರು ಹಾಕಿದ ಗಟ್ಟಿ ಸಾರು, ಎರಡನೇ ಬಟ್ಟಲಿಗೆ ಬರುವ ಹೊತ್ತಿಗೆ ದಾಯ್ ತಾವಾಗಿಯೇ ಬೆಟ್ಟದ ಮಾತು ತೆಗೆದರು. ಗಿರಾಕಿ, ಬೇಸ್ ಕ್ಯಾಂಪ್ ಮೇಲಿನ ಒಡೆದ ಹಿಮಗಡ್ಡೆಗಳ ಏರಾದ ಖುಂಬು ಐಸ್‌ಫಾಲ್ ದಾಟುವುದು ಕೆಲವೇ ಸಲ. ಟೆಂಟು, ಹಗ್ಗ, ಆಕ್ಸಿಜನ್ ಸಿಲಿಂಡರ್ ಹೊತ್ತ ಶೆರ್ಪಾ ಅದೇ ಜಾಗವನ್ನು ಮತ್ತೆ ಮತ್ತೆ ದಾಟಬೇಕು. ಹಿಮ ಗಟ್ಟಿಯಾಗಿರುವಾಗ, ರಾತ್ರಿ ಕತ್ತಲಲ್ಲೇ ಹೊರಡಬೇಕು. ವರ್ಷದ ಸಂಸಾರ ನಡೆಯುವುದು ಬಹುಪಾಲು ಏಪ್ರಿಲ್, ಮೇ ಎರಡು ತಿಂಗಳ ದುಡಿಮೆಯಲ್ಲಿ.

2014ರ ಏಪ್ರಿಲ್ 18ರಂದು ಅದೇ ಐಸ್‌ಫಾಲ್‌ನಲ್ಲಿ ಹಿಮ ಕುಸಿದು 16 ಮಂದಿ ಸತ್ತರು. ಎಲ್ಲರೂ ನೇಪಾಳದ ಕೆಲಸಗಾರರು. ಸರ್ಕಾರ ಮೊದಲು ಕೊಡಲು ಹೊರಟಿದ್ದು ಮನೆಗೆ 40,000 ನೇಪಾಳಿ ರೂಪಾಯಿ. ಹೆಚ್ಚಿನ ಶೆರ್ಪಾಗಳು ಸಿಟ್ಟಿಗೆದ್ದು ಆ ವರ್ಷ ಬೆಟ್ಟ ಹತ್ತಲಿಲ್ಲ. ಆ ಸಿಟ್ಟು ನ್ಯಾಯವಾದದ್ದು ಅಂತ ನನಗೆ ಇವತ್ತಿಗೂ ಅನಿಸುತ್ತದೆ. ದಾಯ್ ಮಕ್ಕಳು ಕಾಠ್ಮಂಡುವಿನಲ್ಲಿ ಓದುತ್ತಿದ್ದಾರೆ. "ಅವರು ಬೆಟ್ಟಕ್ಕೆ ಹೋಗಬಾರದು ಅಂತಲೇ ನಾನು ಹೋದೆ" ಅಂದರು. ದಿದಿ ಏನೂ ಹೇಳದೆ ಒಲೆಗೆ ಸಗಣಿ ಬೆರಣಿ ಹಾಕಿದರು.

ಇಂಥ ಮಾತು ಕೇಳಬೇಕಾದರೆ ಪ್ರಶ್ನೆಪಟ್ಟಿ ಹಿಡಿದು ಹೋಗಬೇಡಿ. ಎಷ್ಟು ಸಂಬಳ, ಎಷ್ಟು ಹೆಣ ನೋಡಿದಿರಿ ಅಂತ ಕೇಳುವವರನ್ನು ನಾನು ಕಂಡಿದ್ದೇನೆ. ಗಂಡನನ್ನೋ ಅಣ್ಣನನ್ನೋ ಕಳೆದುಕೊಂಡವರು ಅದೇ ಅಡುಗೆಮನೆಯಲ್ಲಿ ಕೂತಿರಬಹುದು, ಅಲ್ವಾ?

ಯಾವ ಕಾಲಕ್ಕೆ ಹೋಗಬೇಕು? ಏಪ್ರಿಲ್, ಮೇ ತಿಂಗಳಲ್ಲಿ ಆರೋಹಿಗಳು ಬೆಟ್ಟದ ಮೇಲಿರುತ್ತಾರೆ. ಥಾಮೆಯ ಗೊಂಪಾ, ಅಂದರೆ ಬೌದ್ಧ ಮಠದ ಮಣಿ ರಿಮ್ಡು ಹಬ್ಬ ಸಾಮಾನ್ಯವಾಗಿ ಮೇ ತಿಂಗಳಲ್ಲೇ ಬರುತ್ತದೆ. ಮುಖವಾಡದ ಕುಣಿತ ನೋಡಬೇಕೆಂದರೆ ಆಗ ಹೋಗಿ. ಮಾತುಕತೆ ಮುಖ್ಯ ಅನ್ನುವವರಿಗೆ ನವೆಂಬರ್ ಒಳ್ಳೆಯದು. ಚಳಿ ಜಾಸ್ತಿ, ಆದರೆ ಆಕಾಶ ತಿಳಿಯಾಗಿರುತ್ತದೆ, ಜನರಿಗೂ ಬಿಡುವಿರುತ್ತದೆ.

ಹೊರೆಯವರ ವಿಷಯ ಒಂದು ಹೇಳಲೇಬೇಕು. ನಿಮ್ಮ ಬ್ಯಾಗ್ ಹೊರುವವರು ಶೆರ್ಪಾಗಳೇ ಆಗಿರಬೇಕಿಲ್ಲ. ಕೆಳಗಿನ ಕಣಿವೆಗಳ ರಾಯಿ, ತಮಾಂಗ್ ಜನರೇ ಹೆಚ್ಚು. ಅವರಿಗೆ ವಿಮೆ ಇದೆಯಾ, ಬೆಚ್ಚನೆಯ ಬಟ್ಟೆ ಇದೆಯಾ, ರಾತ್ರಿ ಎಲ್ಲಿ ಮಲಗುತ್ತಾರೆ, ಇಷ್ಟನ್ನು ಏಜೆನ್ಸಿಯವರಿಗೆ ದುಡ್ಡು ಕಟ್ಟುವ ಮುಂಚೆ ಕೇಳಿ. ತಡವರಿಸಿದರೆ ಬೇರೆಯವರನ್ನು ಹುಡುಕಿ. ಟಿಪ್ಸನ್ನು ಅವರ ಕೈಗೇ ಕೊಡಿ.

ಮಂಡಿನೋವು, ವಯಸ್ಸು ಅಂತ ಇಲ್ಲಿಗೆಲ್ಲ ಹತ್ತಲಾಗದ ಅಪ್ಪ ಅಮ್ಮ ಜೊತೆಗಿದ್ದರೆ ಡಾರ್ಜಿಲಿಂಗ್‌ಗೆ ಕರೆದುಕೊಂಡು ಹೋಗಿ. ಹರೆಯದಲ್ಲಿ ತೇನ್‌ಸಿಂಗ್ ಕೆಲಸ ಹುಡುಕಿಕೊಂಡು ಹೋದದ್ದು ಅಲ್ಲಿಗೇ. 1953ರ ಮೇ 29ರಂದು ಅವರು ಎವರೆಸ್ಟ್ ಹತ್ತಿದ ಮರುವರ್ಷ ಶುರುವಾದ ಹಿಮಾಲಯನ್ ಪರ್ವತಾರೋಹಣ ಸಂಸ್ಥೆಯಲ್ಲಿ ಅವರು ಅನೇಕ ವರ್ಷ ತರಬೇತಿ ಕೊಟ್ಟರು. ಅವರ ಸಮಾಧಿ, ಹಳೆಯ ಆರೋಹಣ ಸಾಮಾನುಗಳ ಮ್ಯೂಸಿಯಂ ಎರಡೂ ಅದೇ ಆವರಣದಲ್ಲಿವೆ. ಪ್ರಾಣಿಸಂಗ್ರಹಾಲಯದ ಗೇಟಿನಿಂದಲೇ ಒಳಗೆ ಹೋಗಬೇಕು. ಸ್ವಲ್ಪ ಏರು ಇದೆ, ನಿಧಾನವಾಗಿ ನಡೆಸಿ. ಗುರುವಾರ ರಜೆ.