ಎಳ್ಳ ಅಮಾವಾಸ್ಯೆಯಿಂದ ಹಿಂದಕ್ಕೆ ಎಣಿಸುವ ಹಿತ್ತಲು

ಕಲಬುರಗಿ, 29 ಸೆಪ್ಟೆಂಬರ್ 2024, ರವಿವಾರ

ಉತ್ತರಾ ಮಳೆ ಮುಗಿದು ಹಸ್ತಾ ಮಳೆ ಹುಟ್ಟಿದೆ. ಬರುವ ಬುಧವಾರ ಮಹಾಲಯ ಅಮಾವಾಸ್ಯೆ, ಮರುದಿನ ನವರಾತ್ರಿಗೆಂದು ಮನೆಯಲ್ಲಿ ಘಟ್ಟ ಹಾಕುವುದು, ಅಂದರೆ ಕಲಶದ ಸುತ್ತಿನ ಮಣ್ಣಿಗೆ ಕಾಳು ಬಿತ್ತುವುದು. ನಮ್ಮ ಹಿತ್ತಲಿನ ಹೊಸ ವರ್ಷ ಇಲ್ಲಿಂದಲೇ ಆರಂಭವಾಗುತ್ತದೆ. ಕೈತೋಟದ ಬಗ್ಗೆ ಓದಲು ಸಿಗುವ ಪಟ್ಟಿಗಳಲ್ಲಿ ಬಹುಪಾಲು ಜೂನ್ ತಿಂಗಳನ್ನೇ ಮೊದಲೆಂದು ಹಿಡಿದು, ಮುಂಗಾರಿನ ಮೊದಲ ಹದಕ್ಕೇ ಎಲ್ಲವನ್ನೂ ಬಿತ್ತಿಸಿಬಿಡುತ್ತವೆ. ಎರೆಮಣ್ಣಿನ ನಾಡಿಗೆ ಆ ಪಟ್ಟಿ ಒಗ್ಗುವುದಿಲ್ಲ. ಇಲ್ಲಿಯ ರೈತರು ಬಿಳಿಜೋಳವನ್ನೂ ಕಡಲೆಯನ್ನೂ ಹಿಂಗಾರಿಗೆ ಬಿತ್ತುವುದಕ್ಕೆ ಕಾರಣವಿದೆ: ಮಳೆಗಾಲವಿಡೀ ಕುಡಿದ ನೀರನ್ನು ಈ ಮಣ್ಣು ಒಳಗೆ ಹಿಡಿದಿಟ್ಟುಕೊಂಡು, ಮಳೆ ನಿಂತ ಮೇಲೂ ವಾರಗಟ್ಟಲೆ ಬೇರಿಗೆ ಒದಗಿಸುತ್ತದೆ. ಹೊಲದ ಈ ಲೆಕ್ಕವೇ ಹಿತ್ತಲಿಗೂ ಸರಿ. ಮಹಾನವಮಿಯಿಂದ ಹೋಳಿ ಹುಣ್ಣಿಮೆಯವರೆಗಿನ ಐದು ತಿಂಗಳು ನಿಜವಾದ ಬೆಳೆಗಾಲ, ಉಳಿದದ್ದು ಅದರ ಸಿದ್ಧತೆ ಅಥವಾ ಗಿಡಗಳನ್ನು ಬದುಕಿಸಿಕೊಳ್ಳುವ ಕಾಲ.

ಬೆಳೆಗಾಲಕ್ಕೆ ಒಂದು ಗುರಿ ದಿನವಿದ್ದರೆ ಯೋಜನೆ ಸುಲಭವಾಗುತ್ತದೆ. ನಮಗೆ ಅದು ಎಳ್ಳ ಅಮಾವಾಸ್ಯೆ, ಈ ಸಲ ಡಿಸೆಂಬರ್ 30ಕ್ಕೆ. ಅಂದು ಸಜ್ಜೆ ರೊಟ್ಟಿಯ ಜೊತೆಗಿನ ಭಜ್ಜಿ ಪಲ್ಲೆಗೆ ಆ ಕಾಲದಲ್ಲಿ ಸಿಗುವ ತಪ್ಪಲು, ಹಸಿ ಕಾಳು, ಕಾಯಿ ಎಲ್ಲವೂ ಬೀಳಬೇಕು. ಪೇಟೆಯಲ್ಲಿ ಆ ವಾರ ಭಜ್ಜಿಯ ಸಾಮಾನನ್ನೇ ಗುಡ್ಡೆ ಹಾಕಿ ಮಾರುತ್ತಾರೆ, ಬೆಲೆಯ ಮಾತು ಬೇಡ. ಹಿತ್ತಲಿನಿಂದಲೇ ಬುಟ್ಟಿ ತುಂಬಬೇಕೆಂದರೆ ಹಬ್ಬದ ದಿನದಿಂದ ಹಿಂದಕ್ಕೆ ಎಣಿಸಬೇಕು. ಗಜ್ಜರಿಗೆ 90ರಿಂದ 100 ದಿನ ಬೇಕು, ಆದ್ದರಿಂದ ಅದರ ಬೀಜ ಈ ವಾರವೇ ಮಣ್ಣಿಗೆ ಬೀಳಬೇಕು. ಬದನೆಯ ಸಸಿ ನೆಟ್ಟ ಮೇಲೆ ಕಾಯಿಗೆ 60ರಿಂದ 70 ದಿನ ಹಿಡಿಯುವುದರಿಂದ ಅಕ್ಟೋಬರ್ ಮಧ್ಯದೊಳಗೆ ನಾಟಿ ಮುಗಿಯಬೇಕು. ಉಳ್ಳಾಗಡ್ಡಿ ತಪ್ಪಲಿಗಾಗಿ ಸಣ್ಣ ಗಡ್ಡೆಗಳನ್ನು ದೀಪಾವಳಿಯ ನಂತರ ಊರಿದರೂ ನಡೆಯುತ್ತದೆ. ಮೆಂತ್ಯೆ ನಾಲ್ಕು ವಾರದ ಬೆಳೆಯಾದ್ದರಿಂದ, ಹಬ್ಬದ ಪಾಲಿನದನ್ನು ನವೆಂಬರ್ ಕೊನೆಗೆ ಚೆಲ್ಲಬೇಕು. ಅಲ್ಲಿಯವರೆಗೆ ಮನೆಯ ಊಟಕ್ಕೆ ಹದಿನೈದು ದಿನಕ್ಕೊಂದು ಸಣ್ಣ ಮಡಿ ಸಾಕು. ಇಡೀ ಪೊಟ್ಟಣವನ್ನು ಒಂದೇ ದಿನ ಚೆಲ್ಲುವವರು ಒಂದು ವಾರ ನೆರೆಹೊರೆಗೆ ಹಂಚಿ, ಮುಂದಿನ ತಿಂಗಳು ಕೊಂಡು ತರುತ್ತಾರೆ.

ಹಸಿ ತೊಗರಿಯ ಚಿಂತೆಯಿಲ್ಲ. ಮೃಗಶಿರಾ ಮಳೆಗೆ ಕಂಪೌಂಡಿನ ಅಂಚಿಗೆ ಊರಿದ ಗಿಡಗಳು ಈಗ ಎದೆಮಟ್ಟ ಬೆಳೆದು ಕವಲೊಡೆದಿವೆ, ಡಿಸೆಂಬರಿನಲ್ಲಿ ಕಾಯಿ ತುಂಬುತ್ತವೆ. ಕಡಲೆಯನ್ನು ಮಾತ್ರ ಮುಂದಿನ ವಾರ ಹಾಕಲೇಬೇಕು. ಹಿತ್ತಲಿನಲ್ಲಿ ಕಡಲೆಯೇ ಎಂದು ನಗುವವರಿದ್ದಾರೆ. ಆದರೆ ಒಂದು ಹಾಸಿಗೆಯಗಲದ ಮಡಿಯಲ್ಲಿ ಅದು ಎರಡು ಫಸಲು ಕೊಡುತ್ತದೆ: ತಿಂಗಳು ತುಂಬಿದ ಮೇಲೆ ಕುಡಿ ಚಿವುಟಿದರೆ ಪಲ್ಲೆ, ಆ ಚಿವುಟಿದ್ದರಿಂದಲೇ ಕವಲು ಹೆಚ್ಚಿ ಮುಂದೆ ಹೆಚ್ಚು ಕಾಯಿ. ಬೆಳಗಿನ ಹೊತ್ತು ಆ ಎಲೆಗಳ ಸಣ್ಣ ರೋಮಗಳ ತುದಿಯಲ್ಲಿ ಹನಿ ನಿಂತಿರುತ್ತದೆ. ಇಬ್ಬನಿಯಂತೆ ಕಂಡರೂ ನಾಲಿಗೆಗೆ ತಾಗಿದರೆ ಹುಳಿ, ಬೆರಳಿಗೆ ಗಾಯವಿದ್ದರೆ ಉರಿ. ಗಿಡವೇ ಸ್ರವಿಸುವ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳು ಅವು. ಹಳೆಯ ಕಾಲದಲ್ಲಿ ನಸುಕಿನಲ್ಲಿ ಬಿಳಿ ಬಟ್ಟೆ ಹಾಸಿ, ಹಿಂಡಿ, ಆ ಹುಳಿಯನ್ನು ಔಷಧಕ್ಕೆ ತೆಗೆದಿಡುತ್ತಿದ್ದರು.

ಬಿತ್ತನೆಗೆ ಮೊದಲು ಮಣ್ಣು ಹದಕ್ಕೆ ಬರಬೇಕು, ಎರೆಮಣ್ಣಿನ ತೊಡಕೆಲ್ಲ ಇರುವುದು ಅಲ್ಲೇ. ಹಸಿಯಿದ್ದಾಗ ಚಪ್ಪಲಿಗೆ ಅಂಟುವ, ಒಣಗಿದಾಗ ಗುದ್ದಲಿಗೂ ಬಗ್ಗದ ಈ ಮಣ್ಣು ಇವೆರಡರ ನಡುವೆ ಕೆಲವೇ ದಿನ ಕೈಗೆ ಸಿಗುತ್ತದೆ. ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ, ಹೆಬ್ಬೆರಳಿನಿಂದ ತಳ್ಳಿದಾಗ ಅದು ಒಡೆದು ಹರಳಾದರೆ ಕೆಲಸ ಮಾಡಬಹುದು. ಎರಡು ಬೆರಳ ನಡುವೆ ಪಟ್ಟಿಯಾಗಿ ಜಾರಿದರೆ ಇನ್ನೂ ಕಾಯಬೇಕು. ನಿನ್ನೆ ನಾನು ಸಲಿಕೆ ಹಿಡಿದು ಹೊರಟಾಗ ಅವ್ವ ಕಟ್ಟೆಯ ಮೇಲಿಂದಲೇ, "ಮಣ್ಣ ಕೈಗಿ ಹತ್ತೂದು ಬಿಡೂತನಕ ಸಲಕಿ ಮುಟ್ಟಬ್ಯಾಡ, ಇಟ್ಟಂಗಿ ಆಗ್ತದ" ಎಂದಳು. ಹಸಿ ಎರೆಮಣ್ಣನ್ನು ತುಳಿದು ಅಗೆದರೆ ಅದರೊಳಗಿನ ಗಾಳಿಯ ಸಂದುಗಳು ಮುಚ್ಚಿಹೋಗಿ, ಒಣಗಿದ ಮೇಲೆ ನಿಜಕ್ಕೂ ಇಟ್ಟಂಗಿಯೇ ಆಗುತ್ತದೆ. ಮರಳು ಬೆರೆಸಿ ಹಗುರ ಮಾಡುವ ಉಪಾಯವನ್ನು ಹಲವರು ಹೇಳುತ್ತಾರೆ. ಸ್ವಲ್ಪ ಮರಳಿನಿಂದ ಪ್ರಯೋಜನವಿಲ್ಲ, ಬೇಕಾಗುವಷ್ಟು ಮರಳು ಯಾರೂ ಹಾಕುವುದಿಲ್ಲ. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನು ವರ್ಷ ವರ್ಷವೂ ಬೆರೆಸುತ್ತ ಹೋಗುವುದೊಂದೇ ದಾರಿ.

ಎರೆಮಣ್ಣು ನೀರನ್ನು ನಿಧಾನವಾಗಿ ಇಳಿಸಿಕೊಳ್ಳುವುದರಿಂದ, ಹಸ್ತಾ ಮಳೆ ಒಂದು ರಾತ್ರಿ ಜೋರಾಗಿ ಹೊಡೆದರೂ ಸಮತಟ್ಟು ಮಡಿಯಲ್ಲಿ ಸಸಿಯ ಬೇರು ಉಸಿರುಗಟ್ಟುತ್ತದೆ. ಅದಕ್ಕಾಗಿ ಮಡಿಗಳನ್ನು ಗೇಣಿನಷ್ಟು ಎತ್ತರಿಸಿ, ಅಂಚಿಗೆ ಶಹಾಬಾದ ಫರ್ಸಿಯ ಒಡೆದ ತುಂಡುಗಳನ್ನು ನಿಲ್ಲಿಸಿದ್ದೇವೆ. ಕಲಬುರಗಿಯಲ್ಲಿ ಮನೆ ಕಟ್ಟಿದವರ ಹಿಂದೆ ಅಂಥ ತುಂಡುಗಳಿಗೆ ಬರವಿಲ್ಲ. ಕುಂಡದಲ್ಲಿ ಬರೀ ಎರೆಮಣ್ಣು ತುಂಬಬಾರದು. ಒಣಗಿದಾಗ ಅದು ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ, ಹೊಯ್ದ ನೀರೆಲ್ಲ ಆ ಸಂದಿನಿಂದ ಇಳಿದು ತಳದಿಂದ ಹರಿದುಹೋಗುತ್ತದೆ, ನಡುವಿನ ಬೇರು ಮಾತ್ರ ಒಣಗಿರುತ್ತದೆ. ಬೀದರ ಕಡೆಯ ಕೆಂಪು ಮಣ್ಣು, ಎರೆಮಣ್ಣು, ಗೊಬ್ಬರ ಮೂರನ್ನೂ ಸಮಪಾಲು ಬೆರೆಸಿದರೆ ಈ ತೊಂದರೆ ತಪ್ಪುತ್ತದೆ.

ಮಡಿಗಳ ಸ್ಥಳವನ್ನು ಈಗ ಬಿಸಿಲು ಬೀಳುವ ಜಾಗ ನೋಡಿ ನಿರ್ಧರಿಸಿದರೆ ಡಿಸೆಂಬರಿನಲ್ಲಿ ಲೆಕ್ಕ ತಪ್ಪುತ್ತದೆ. ನಮ್ಮೂರು ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಎರಡನೆಯ ವಾರದ ಹೊತ್ತಿಗೆ ಸೂರ್ಯ ನಡುನೆತ್ತಿಗೆ ಬಂದು, ಆಮೇಲೆ ಆಗಸ್ಟ್ ಮೊದಲವರೆಗೂ ಮಧ್ಯಾಹ್ನ ತುಸು ಉತ್ತರಕ್ಕೇ ವಾಲಿರುತ್ತಾನೆ. ಡಿಸೆಂಬರಿನಲ್ಲಿ ಮಾತ್ರ ದಕ್ಷಿಣಕ್ಕೆ ಇಳಿದು, ನಡುಮಧ್ಯಾಹ್ನವೂ 49 ಡಿಗ್ರಿಯಷ್ಟೇ ಎತ್ತರದಲ್ಲಿರುತ್ತಾನೆ. ಹಾಗಾಗಿ ಹಿತ್ತಲಿನ ದಕ್ಷಿಣಕ್ಕಿರುವ ಆರಡಿ ಗೋಡೆ ಜೂನ್ ಜುಲೈಯ ಮಧ್ಯಾಹ್ನ ಹಿತ್ತಲಿಗೆ ನೆರಳನ್ನೇ ಚೆಲ್ಲದಿದ್ದರೂ, ಎಳ್ಳ ಅಮಾವಾಸ್ಯೆಯ ಸುಮಾರಿಗೆ ಐದಡಿ ಉದ್ದದ ನೆರಳು ಹಾಸುತ್ತದೆ. ಆ ಐದಡಿಯನ್ನು ಪಾಲಕ, ಕೊತ್ತಂಬರಿ, ಸಬ್ಬಸಿಗೆಗೆ ಬಿಟ್ಟು, ಟೊಮ್ಯಾಟೊ, ಬದನೆ, ಗಜ್ಜರಿಗಳನ್ನು ಅದರಾಚೆ ಹಾಕುತ್ತೇನೆ.

ಟೊಮ್ಯಾಟೊಗೆ ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿಯ ಸಸಿಗಳು ತಟ್ಟೆಯಲ್ಲಿ ಸಿದ್ಧವಾಗಿವೆ. ಎಲೆಮುದುಡು, ಸೊರಗು, ಎಲೆಚುಕ್ಕೆ ಈ ಮೂರನ್ನೂ ತಡೆಯುವ ಶಕ್ತಿ ಅದಕ್ಕಿದೆ. ಸಂಕರ ತಳಿಯಾದ್ದರಿಂದ ಅದರ ಬೀಜ ಎತ್ತಿಟ್ಟು ಮುಂದಿನ ವರ್ಷಕ್ಕೆ ಹಾಕುವಂತಿಲ್ಲ. ನಡುವೆ ಚೆಂಡುಹೂವಿನ ಸಾಲು ಬೇಕು. ಕಾಯಿಕೊರಕದ ಪತಂಗ ಟೊಮ್ಯಾಟೊಗಿಂತ ಮೊದಲು ಚೆಂಡುಹೂವಿಗೆ ಬಂದು ಮೊಟ್ಟೆಯಿಡುತ್ತದೆ. ಆದರೆ ಎರಡೂ ಒಟ್ಟಿಗೆ ಹೂ ಬಿಟ್ಟರೆ ಮಾತ್ರ ಈ ಉಪಾಯ ಫಲಿಸುತ್ತದೆ, ಅದಕ್ಕಾಗಿಯೇ 25 ದಿನದ ಟೊಮ್ಯಾಟೊ ಸಸಿಯ ಜೊತೆ 45 ದಿನದ ಚೆಂಡುಹೂವಿನ ಸಸಿ ನೆಡಬೇಕೆನ್ನುತ್ತಾರೆ.

ಮನೆಯ ಹಳೆಯ ಬೀಜಗಳ ಪರೀಕ್ಷೆ ಈ ವಾರವೇ ಆಗಬೇಕು. ಅವ್ವ ಘಟ್ಟದ ಮಣ್ಣಿಗೆ ಹಾಕುವ ಕಾಳುಗಳ ಮೊಳಕೆ ನೋಡಿ ಆ ವರ್ಷದ ಬೀಜದ ಕಸುವು ಹೇಳುತ್ತಾಳೆ. ನಾನು ಅದೇ ಕೆಲಸವನ್ನು ಒದ್ದೆ ಬಟ್ಟೆಯಲ್ಲಿ ಹತ್ತು ಬೀಜ ಸುತ್ತಿಟ್ಟು ಮಾಡುತ್ತೇನೆ. ಏಳಕ್ಕಿಂತ ಕಡಿಮೆ ಮೊಳೆತರೆ ಹೊಸ ಬೀಜವೇ ಲೇಸು. ಉಳ್ಳಾಗಡ್ಡಿ ಬೀಜವಂತೂ ವರ್ಷ ದಾಟಿದರೆ ನಂಬುವಂತಿಲ್ಲ.

ಕರಿಬೇವಿನ ಚಿಗುರು ಮತ್ತೆ ಹಳದಿಯಾಗಿದೆ, ನರಗಳು ಮಾತ್ರ ಹಸಿರಾಗಿವೆ. ಸುಣ್ಣದ ಅಂಶ ಹೆಚ್ಚಿರುವ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ, ಮೇಲಿಂದ ಬೋರಿನ ಗಡಸು ನೀರು. ಒಂದು ಲೀಟರಿಗೆ 5 ಗ್ರಾಂ ಕಬ್ಬಿಣದ ಸಲ್ಫೇಟ್ ಕರಗಿಸಿ, ಅರ್ಧ ನಿಂಬೆಹಣ್ಣು ಹಿಂಡಿ, ಸಂಜೆ ಎಲೆಗೆ ಸಿಂಪಡಿಸಿದರೆ ಹಸಿರು ಮರಳುತ್ತದೆ. ಮಳೆನೀರು ಹಿಡಿದು ಹಾಕುವುದು ಇನ್ನೂ ಮೇಲು. ಒಂದು ಸಾವಿರ ಚದರಡಿ ಮಾಳಿಗೆಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 900 ಲೀಟರಿನಷ್ಟು ನೀರಾಗುತ್ತದೆ. ಹಸ್ತಾ, ಚಿತ್ತಾ ಮಳೆಗಳಿಗೆ ಡ್ರಮ್ಮುಗಳನ್ನು ತೊಳೆದಿಡಬೇಕು.

ಹೋಳಿ ಕಳೆದ ಮೇಲೆ ಆಸೆ ಕಡಿಮೆ ಮಾಡಿಕೊಳ್ಳಬೇಕು. ಬಿಸಿಲು 35 ಡಿಗ್ರಿ ದಾಟಿದರೆ ಟೊಮ್ಯಾಟೊ ಹೂವು ಉದುರುತ್ತದೆ, ಇಲ್ಲಿ ಮೇ ತಿಂಗಳಲ್ಲಿ ಪಾದರಸ 43 ಮುಟ್ಟುವುದು ಹೊಸದೇನಲ್ಲ. ಆಗ ರಾಜಗಿರಿ, ಚವಳಿಕಾಯಿ, ಬಸಳೆ, ಹಸಿರು ಪರದೆಯ ಕೆಳಗೆ ಒಂದಿಷ್ಟು ಕೊತ್ತಂಬರಿ ಇದ್ದರೆ ಸಾಕು. ಉಳಿದ ಮಡಿಗಳಿಗೆ ತೊಗರಿ ಹೊಟ್ಟನ್ನು ನಾಲ್ಕು ಬೆರಳು ದಪ್ಪ ಹೊದಿಸಿ ಬಿಟ್ಟರೆ ಮಣ್ಣು ಬಿರಿಯುವುದು ಕಡಿಮೆಯಾಗುತ್ತದೆ. ರಾಶಿ ಮುಗಿದ ಹಳ್ಳಿಗಳಿಂದ ಹೊಟ್ಟೂ ಬರುತ್ತದೆ, ಹೀರೆ ಬಳ್ಳಿಯ ಹಂದರಕ್ಕೆ ತೊಗರಿ ಕಟ್ಟಿಗೆಯೂ ಬರುತ್ತದೆ. ಮುಂಗಾರಿಗೆ ಪುಂಡಿ, ಹೀರೆ, ಅವರೆ, ಬೆಂಡೆ ಇಷ್ಟೇ. ಜೂನ್ ಜುಲೈಯಲ್ಲಿ ಬೇವಿನ ಹಣ್ಣು ಉದುರುವಾಗ ಆರಿಸಿ ನೆರಳಲ್ಲಿ ಒಣಗಿಸಿದರೆ, ಡಿಸೆಂಬರಿನ ಚಳಿಗೆ ಅವರೆ ಕುಡಿಗೆ ಮುತ್ತುವ ಹೇನಿಗೆ ಕಷಾಯವಾಗುತ್ತದೆ. ಲೀಟರಿಗೆ 50 ಗ್ರಾಂ ಬೀಜದ ತಿರುಳನ್ನು ಜಜ್ಜಿ, ರಾತ್ರಿ ನೆನೆಸಿ, ಸೋಸಿ, ಚೂರು ಸಾಬೂನು ಬೆರೆಸಿ ಹೊಡೆಯುವುದು. ಈ ವರ್ಷದ ಬೀಜ ಗೋಣಿಚೀಲದಲ್ಲಿ ಕಟ್ಟಿಟ್ಟದ್ದು ಜಂತಿಗೆ ತೂಗುತ್ತಿದೆ, ಬೂಸರು ಹಿಡಿದಿದೆಯೇ ಎಂದು ನಾಳೆ ಬಿಚ್ಚಿ ನೋಡಬೇಕು.