ಟೆಕ್ಸಸ್‌ನಲ್ಲಿ ಕಡ್ಡಾಯವಲ್ಲ, ಆದರೂ ಗನ್ ಲೈಸೆನ್ಸ್ ಮಾಡಿಸಿಕೊಳ್ಳಿ

ಪಿಸ್ತೂಲು ಬಟ್ಟೆಯ ಮರೆಯಲ್ಲಿಟ್ಟುಕೊಂಡು ಓಡಾಡುವ ವಿಷಯದಲ್ಲಿ ಅಮೆರಿಕದ ಒಂದೊಂದು ರಾಜ್ಯದ್ದೂ ಒಂದೊಂದು ಕಾನೂನು. ಅದಕ್ಕೂ ಮೊದಲು ನಿಮ್ಮ ವೀಸಾ ನೋಡಿಕೊಳ್ಳಿ. ಎಚ್-1ಬಿ, ಎಲ್-1 (ಕೆಲಸದ ವೀಸಾಗಳು), ಎಫ್-1 (ವಿದ್ಯಾರ್ಥಿ ವೀಸಾ) ವೀಸಾದಲ್ಲಿರುವವರು ಗನ್ ಕೈಯಲ್ಲಿ ಹಿಡಿಯುವುದಕ್ಕೇ ಫೆಡರಲ್ ಕಾನೂನಿನ ನಿಷೇಧವಿದೆ. ಗುಂಡು ಹಾರಿಸುವ ಅಭ್ಯಾಸದ ಜಾಗವಾದ ರೇಂಜ್‌ನಲ್ಲಿ ಬಾಡಿಗೆಗೆ ಪಡೆದು ಹಾರಿಸಿದರೂ ಅಷ್ಟೇ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು. ಗ್ರೀನ್ ಕಾರ್ಡ್ ಇರುವವರಿಗೆ ಈ ತಡೆ ಇಲ್ಲ.

ಟೆಕ್ಸಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ, 21 ತುಂಬಿದ ಮತ್ತು ಬೇರೆ ಕಾನೂನು ಅಡ್ಡಿ ಇಲ್ಲದವರಿಗೆ ಪಿಸ್ತೂಲು ಒಯ್ಯಲು ಲೈಸೆನ್ಸ್ ಕಡ್ಡಾಯವಲ್ಲ. ಆದರೆ ಶಾಲೆಯಿಂದ 1,000 ಅಡಿಯೊಳಗಿನ ರಸ್ತೆಯಲ್ಲಿ ಗುಂಡು ತುಂಬಿದ ಗನ್ ಒಯ್ಯಲು ಫೆಡರಲ್ ಕಾನೂನು ಕೇಳುವುದು ಅದೇ ರಾಜ್ಯ ಕೊಟ್ಟ ಲೈಸೆನ್ಸನ್ನು. ಊರೊಳಗೆ ಕಾರು ಓಡಿಸುತ್ತ ಯಾವುದೋ ಶಾಲೆ ದಾಟದೆ ಹೋಗುವುದು ಸಾಧ್ಯವೇ?

ಅರ್ಜಿ ಶುಲ್ಕ 40 ಡಾಲರ್. ಬೆರಳಚ್ಚು ಕೊಡಬೇಕು, 4ರಿಂದ 6 ಗಂಟೆ ಪಾಠ ಕೇಳಬೇಕು, ಆಮೇಲೆ 50 ಗುಂಡಿನ ಪರೀಕ್ಷೆ: 3 ಗಜದಿಂದ 20, 7 ಗಜದಿಂದ 20, 15 ಗಜದಿಂದ 10. ಒಟ್ಟು 250 ಅಂಕ, 175 ಬಂದರೆ ಪಾಸು. ಮೊದಲೆರಡು ಸುತ್ತಿಗೇ 200 ಅಂಕ ಇರುವುದರಿಂದ 15 ಗಜದ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಕೈಕೊಡುವುದು ಆತುರ. ಟ್ರಿಗರ್ ಮೆಲ್ಲನೆ ಒತ್ತುವ ಬದಲು ಜಗ್ಗಿದರೆ ಬಲಗೈಯವರ ಗುಂಡು ಕೆಳಗೆ ಎಡಕ್ಕೆ ಬೀಳುತ್ತದೆ.

ಅಂಗಡಿ ಬಾಗಿಲಿನ ಬೋರ್ಡ್ ಓದದೆ ಒಳಗೆ ಹೋಗಬೇಡಿ. ಅದರಲ್ಲಿ ಟೆಕ್ಸಸ್ ದಂಡಸಂಹಿತೆಯ ಕಲಂ ಸಂಖ್ಯೆ ಇರುತ್ತದೆ. 30.05 ಎಂದಿದ್ದರೆ ಲೈಸೆನ್ಸ್ ಇಲ್ಲದವರು ಗನ್ ತರುವಂತಿಲ್ಲ, ಇದ್ದವರು ತರಬಹುದು. 30.06 ಇದ್ದರೆ ಲೈಸೆನ್ಸ್ ಇದ್ದವರೂ ಮರೆಯಲ್ಲಿಟ್ಟು ತರುವಂತಿಲ್ಲ. ಕೆಂಪಕ್ಷರದ 51% ಬೋರ್ಡಿನ (ಆದಾಯದ ಅರ್ಧಕ್ಕಿಂತ ಹೆಚ್ಚು ಅಲ್ಲೇ ಕುಡಿಯುವ ಮದ್ಯದಿಂದ ಎಂದರ್ಥ) ಬಾರ್‌ಗಳಲ್ಲಂತೂ ಯಾರಿಗೂ ಅವಕಾಶವಿಲ್ಲ.

ಗಡಿ ದಾಟಿದರೆ ಲೆಕ್ಕ ಬೇರೆ. ನ್ಯೂ ಮೆಕ್ಸಿಕೋ ಟೆಕ್ಸಸ್ ಲೈಸೆನ್ಸನ್ನು ಒಪ್ಪುತ್ತದೆ. ಕ್ಯಾಲಿಫೋರ್ನಿಯಾ ಯಾವ ರಾಜ್ಯದ್ದನ್ನೂ ಒಪ್ಪುವುದಿಲ್ಲ. ಅಲ್ಲಿನ ಹೊಸ ಅರ್ಜಿದಾರರಿಗೆ 2024ರಿಂದ 16 ಗಂಟೆ ತರಬೇತಿ. 2022ರ ಬ್ರೂಯೆನ್ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಲೈಸೆನ್ಸ್ ಬೇಕಾದರೆ 'ವಿಶೇಷ ಕಾರಣ ತೋರಿಸಿ' ಎಂಬ ಷರತ್ತನ್ನಷ್ಟೇ ಹೊಡೆದುಹಾಕಿತು; ತರಬೇತಿ, ಶುಲ್ಕ, ನಿಷೇಧಿತ ಜಾಗಗಳ ಪಟ್ಟಿ ಹಾಗೇ ಉಳಿದವು. ಟೆಕ್ಸಸ್ ಲೈಸೆನ್ಸ್ ಅಲ್ಲಿ ನಡೆಯದ ಕಾರಣ ಕ್ಯಾಲಿಫೋರ್ನಿಯಾ ಗಡಿಗೆ ಮುಂಚೆಯೇ ಗುಂಡು ತೆಗೆದು, ಬೀಗ ಹಾಕಿದ ಪೆಟ್ಟಿಗೆಯಲ್ಲಿ ಗನ್ ಇಟ್ಟು ಡಿಕ್ಕಿಗೆ ಹಾಕಿ. ಕಾರಿನ ಮುಂದಿನ ಸೀಟಿನೆದುರಿನ ಗ್ಲೋವ್ ಬಾಕ್ಸ್‌ಗೆ ಬೀಗ ಹಾಕಿದರೂ ನಡೆಯುವುದಿಲ್ಲ. 10ಕ್ಕಿಂತ ಹೆಚ್ಚು ಗುಂಡು ಹಿಡಿಯುವ ಮ್ಯಾಗಜೀನ್ ಖಾಲಿ ಇದ್ದರೂ ಅಲ್ಲಿಗೆ ಒಯ್ಯುವುದು ಅಪರಾಧ, ಅದನ್ನು ಮನೆಯಲ್ಲೇ ಬಿಟ್ಟು ಹೊರಡಿ.