ಸ್ವಿಂಗ್ ಪ್ಲೇನ್ ಹಿಂದೆ ಬಿದ್ದ ಆರು ವಾರ

ಮೊದಲ ಎರಡು ವಾರ

ಗಾಲ್ಫಿನಲ್ಲಿ ನಾನು ಹೊಡೆದ ಚೆಂಡೆಲ್ಲಾ ಎಡಕ್ಕೆ ಹೊರಟು ಬಲಕ್ಕೆ ಬಾಗುತ್ತಿತ್ತು. ನಾನು ಬಲಗೈಯಲ್ಲಿ ಆಡುವವನು, ಹಾಗಾಗಿ ಇದು ಪಕ್ಕಾ ಸ್ಲೈಸ್. ಮಧ್ಯಮ ದೂರಕ್ಕೆ ಹೊಡೆಯುವ ಕ್ಲಬ್ (ಗಾಲ್ಫ್ ಕೋಲು) ಆದ 7 ಐರನ್ ಹಿಡಿದರೆ ಹೇಗೋ ಮಾನ ಉಳಿಯುತ್ತಿತ್ತು. ತೀರಾ ದೂರ ಹೊಡೆಯುವ ಡ್ರೈವರ್ ಹಿಡಿದರೆ ಚೆಂಡು ಹುಡುಕುವುದೇ ಆಟ.

ಪ್ಲೇನ್ (ಕ್ಲಬ್ ಬೀಸುವಾಗ ಅದು ಸಾಗುವ ಓರೆ ಸಮತಲ) ಅಂದರೇನು ಅಂತ ತಲೆಗೆ ಹತ್ತಿದ್ದು ಅಮೆರಿಕದ ಹೆಸರಾಂತ ಗಾಲ್ಫ್ ಆಟಗಾರ ಬೆನ್ ಹೋಗನ್ 1957ರಲ್ಲಿ ಕೊಟ್ಟ ಗಾಜಿನ ಹೋಲಿಕೆಯಿಂದ. ಚೆಂಡಿನಿಂದ ಹೆಗಲಿಗೆ ದೊಡ್ಡದೊಂದು ಗಾಜನ್ನು ಓರೆಯಾಗಿ ಒರಗಿಸಿದ್ದಾರೆ, ಅದರಲ್ಲಿರುವ ತೂತಿನಿಂದ ನಿಮ್ಮ ತಲೆ ಹೊರಗಿದೆ ಅಂದುಕೊಳ್ಳಿ. ಕ್ಲಬ್ ಹಿಂದಕ್ಕೆ ಒಯ್ಯುವಾಗ ಕೈಗಳು ಆ ಗಾಜನ್ನು ಒಡೆಯಬಾರದು. ಕೆಳಗೆ ಬರುವಾಗ ಗಾಜು ಇನ್ನೂ ಸ್ವಲ್ಪ ಮಲಗುತ್ತದೆ ಅಂತಲೂ ಹೋಗನ್ ಹೇಳಿದ್ದರು. ಆ ಅರ್ಧವನ್ನು ಓದಿ ಸುಮ್ನೆ ಮುಂದೆ ಹೋಗಿಬಿಟ್ಟೆ.

ಗುರಿಯ ವಿರುದ್ಧ ದಿಕ್ಕಿನಲ್ಲಿ ಫೋನ್ ಇಟ್ಟು ವಿಡಿಯೋ ಮಾಡಿದೆ. ಬ್ಯಾಕ್‌ಸ್ವಿಂಗ್ (ಕ್ಲಬ್ ಹಿಂದಕ್ಕೆ ಎತ್ತುವುದು) ಶುರುವಿನಲ್ಲೇ ಕ್ಲಬ್ಬಿನ ತಲೆ ಕೈಗಿಂತ ಹೊರಗೆ ಕಾಣಿಸಿತು. ಸರಿ, ಒಳಕ್ಕೆ ಎಳೆಯೋಣ ಅಂತ ದಿನಾ ಎಳೆದೆ. ಸ್ಲೈಸ್ ಇನ್ನೂ ಜಾಸ್ತಿಯಾಯಿತು.

ಮೂರನೇ ವಾರ

ತಪ್ಪಿದ್ದದ್ದು ಫೋನ್ ಇಟ್ಟ ಜಾಗದಲ್ಲಿ! ನಾನು ಅದನ್ನು ಹಿಮ್ಮಡಿಯ ನೇರಕ್ಕೆ ಇಟ್ಟಿದ್ದೆ. ಅಲ್ಲಿಂದ ನೋಡಿದರೆ ಸರಿಯಾಗಿರುವ ಕ್ಲಬ್ ಕೂಡ ಹೊರಗೆ ಹೋದ ಹಾಗೆ ಕಾಣುತ್ತದೆ. ಚೆಂಡಿನ ಆಚೆ ಇಟ್ಟರೆ ಉಲ್ಟಾ, ಒಳಗೆ ಹೋದ ಹಾಗೆ. ಫೋನ್ ಕೈಗಳ ನೇರಕ್ಕೆ, ಕೈಗಳ ಎತ್ತರದಲ್ಲೇ ಇದ್ದು, ಟಾರ್ಗೆಟ್ ಲೈನಿಗೆ (ಚೆಂಡಿನಿಂದ ಗುರಿಗೆ ಹೋಗುವ ಗೆರೆಗೆ) ಸಮಾನಾಂತರವಾಗಿ ನೋಡಬೇಕು. ಹಾಗೆ ಇಟ್ಟು ನೋಡಿದರೆ ಕ್ಲಬ್ ಬೆನ್ನ ಹಿಂದೆ ಸಿಕ್ಕಿಕೊಂಡಿದೆ. ಅಲ್ಲಿಂದ ಚೆಂಡಿಗೆ ಬರಲು ಬಲ ಹೆಗಲನ್ನು ಮುಂದಕ್ಕೆ ಎಸೆಯುತ್ತಿದ್ದೇನೆ. ಕ್ಲಬ್ ಹೊರಗಿನಿಂದ ಒಳಕ್ಕೆ ಕುಯ್ದುಕೊಂಡು ಬರುತ್ತಿದೆ. ಎರಡು ವಾರ ಕಷ್ಟಪಟ್ಟು ಸ್ಲೈಸನ್ನೇ ಅಭ್ಯಾಸ ಮಾಡಿದ್ದೆ ಅಲ್ವಾ!

ನಾಲ್ಕು, ಐದನೇ ವಾರ

ಈ ವಾರಗಳಲ್ಲಿ ಚೆಂಡು ಹೊಡೆದದ್ದು ಕಡಿಮೆ. ಗ್ರಿಪ್ಪಿನ (ಕ್ಲಬ್ಬಿನ ಹಿಡಿಯ) ತುದಿಗೆ ಪುಟ್ಟ ಟಾರ್ಚ್ ಒಂದನ್ನು ಟೇಪಿನಿಂದ ಸುತ್ತಿದೆ. ಕೋಣೆಯ ಲೈಟ್ ಆರಿಸಿ, ನೆಲದ ಟೈಲ್ಸಿನ ಗೆರೆಯೇ ಟಾರ್ಗೆಟ್ ಲೈನ್ ಅಂದುಕೊಂಡು ನಿಂತೆ. ಎಡತೋಳು ನೆಲಕ್ಕೆ ಸಮವಾಗಿ ಬಂದಾಗ ಬೆಳಕು ಆ ಗೆರೆಯ ಮೇಲೆ ಬೀಳಬೇಕು. ಗೆರೆ ದಾಟಿ ಆಚೆ ಬಿದ್ದರೆ ಕ್ಲಬ್ ತೀರಾ ಮಲಗಿದೆ, ಕಾಲಿನ ಕಡೆ ಬಿದ್ದರೆ ತೀರಾ ನೆಟ್ಟಗಿದೆ. ಎರಡು ಸಂಜೆಯಲ್ಲಿ ಮೇಲಕ್ಕೆ ಹೋಗುವುದು ಸರಿಯಾಯಿತು. ಆದರೆ ನಿಧಾನವಾಗಿ ಕೆಳಗೆ ತರುವಾಗ ಬೆಳಕಿನ ಚುಕ್ಕೆ ಗೆರೆ ಬಿಟ್ಟು ನನ್ನ ಕಾಲಿನ ಹೆಬ್ಬೆರಳ ಹತ್ತಿರ ಓಡಿಬಂತು. ಪ್ರತಿ ಸಲವೂ. ಹೆಗಲು ಮೊದಲು ಹೊರಟರೆ ಹೀಗೆ. ತೂಕ ಎಡಗಾಲಿಗೆ ಬರುವವರೆಗೆ ಹೆಗಲನ್ನು ತಡೆದು ಹಿಡಿದರೆ ಚುಕ್ಕೆ ಗೆರೆಯ ಮೇಲೇ ನಿಲ್ಲುತ್ತದೆ. ಹೋಗನ್ ಅವರ ಮಲಗುವ ಗಾಜು ಆಗ ಅರ್ಥವಾಯಿತು.

ಕೆಳಗೆ ಬರುವುದೇ ಮುಖ್ಯ ಅನ್ನುವುದಕ್ಕೆ ಅಮೆರಿಕದ ವೃತ್ತಿಪರ ಆಟಗಾರ ಜಿಮ್ ಫ್ಯೂರಿಕ್ ಅವರನ್ನು ನೋಡಿ. ಕ್ಲಬ್ಬನ್ನು ಕಡಿದಾಗಿ ಎತ್ತಿ, ಮೇಲೆ ಒಂದು ಸುತ್ತು ಹಾಕಿಸಿ ಇಳಿಸುತ್ತಾರೆ. ಇಳಿಯುವಾಗ ಮಾತ್ರ ಪ್ಲೇನ್ ಸರಿಯಾಗಿರುತ್ತದೆ. 2003ರ ಯು.ಎಸ್. ಓಪನ್ ಗೆದ್ದದ್ದೂ, 2016ರಲ್ಲಿ ವೃತ್ತಿಪರರ ಪಿಜಿಎ ಟೂರ್‌ನಲ್ಲಿ ಒಂದು ಸುತ್ತನ್ನು ಬರೀ 58 ಹೊಡೆತಗಳಲ್ಲಿ ಮುಗಿಸಿದ್ದೂ ಅದೇ ಸ್ವಿಂಗಿನಲ್ಲಿ. ನಾನು ಎರಡು ವಾರ ಬ್ಯಾಕ್‌ಸ್ವಿಂಗ್ ಚಂದ ಮಾಡುತ್ತಾ ಕೂತಿದ್ದೆ.

ಆರನೇ ವಾರ

ಮತ್ತೆ ಅಭ್ಯಾಸದ ರೇಂಜಿಗೆ ಹೋದೆ. ಚೆಂಡಿನ ಆಚೆ, ಸ್ವಲ್ಪ ಹಿಂದಕ್ಕೆ, ಡ್ರೈವರಿನ ಹೆಡ್‌ಕವರ್ ಇಟ್ಟೆ. ಹೊರಗಿನಿಂದ ಬಂದರೆ ಕವರಿಗೇ ಏಟು. ಮೊದಲ ಹತ್ತರಲ್ಲಿ ಏಳು ಸಲ ಹಾರಿತು, ಕೊನೆಯ ಹತ್ತರಲ್ಲಿ ಎರಡು ಸಲ. ಒಂದೆರಡು ಶ್ಯಾಂಕ್ (ಕ್ಲಬ್ಬಿನ ಕುತ್ತಿಗೆಗೆ ಬಡಿದು ಚೆಂಡು ಪಕ್ಕಕ್ಕೆ ಹಾರುವುದು) ಕೂಡ ಬಂದವು, ಅವನ್ನು ಲೆಕ್ಕಕ್ಕೆ ಹಿಡಿದಿಲ್ಲ. 7 ಐರನ್ ಈಗ ನೇರ ಹೊರಟು ಕೊನೆಯಲ್ಲಿ ಮಾತ್ರ ಚೂರು ಬಲಕ್ಕೆ ವಾಲುತ್ತದೆ.

ಡ್ರೈವರ್ ಇನ್ನೂ ಮಾತು ಕೇಳುತ್ತಿಲ್ಲ. 7 ಐರನ್ ಸುಮಾರು 37 ಇಂಚು ಉದ್ದ, ಡ್ರೈವರ್ ಸುಮಾರು 45. ಚೆಂಡಿನಿಂದ ದೂರ ನಿಲ್ಲಬೇಕು, ಪ್ಲೇನ್ ಇನ್ನೂ ಮಲಗಬೇಕು. ಟಾರ್ಚನ್ನು ಐರನ್‌ನಿಂದ ಬಿಚ್ಚಿ ಡ್ರೈವರಿಗೆ ಸುತ್ತಿದ್ದೇನೆ. ಕೋಣೆ ಮಾತ್ರ ಸಾಲುತ್ತಿಲ್ಲ.